ವೃಥಾ ಸಂಚಾರ, ವೃಥಾ ದಹನ

ದಿಗಂಬರ ಮುನಿಗಳು ವಾಹನವನ್ನೇರುವುದಿಲ್ಲ. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಯಾವ ಜೀವಿಗೂ ನೋವಾಗದಂತೆ ಹೆಜ್ಜೆಯಿಡುವ ಈರ್ಯಾ ಸಮಿತಿಯೇ ಅವರ ನಡೆಯ ನಿಯಮ. ಗೃಹಸ್ಥನಿಗೆ ಇದು ಪೂರ್ಣವಾಗಿ ಸಾಧ್ಯವಾಗದು. ಉದ್ಯೋಗ, ಮಕ್ಕಳ ಶಾಲೆ, ಹಿರಿಯರ ಚಿಕಿತ್ಸೆ ಇವುಗಳಿಗೆ ವಾಹನ ಬೇಕೇ ಬೇಕು. ಆದರೆ ಅಗತ್ಯಕ್ಕಾಗಿ ಉರಿಸುವ ಇಂಧನ ಬೇರೆ, ಅಜಾಗರೂಕತೆಯಿಂದ ಉರಿದುಹೋಗುವ ಇಂಧನ ಬೇರೆ. ಈ ಭೇದವನ್ನು ತಿಳಿಸಿಕೊಡುವುದೇ ಶ್ರಾವಕನ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡ ವಿರತಿ.

ಯಾವ ಪ್ರಯೋಜನವೂ ಇಲ್ಲದೆ ಮಾಡುವ ಪಾಪಕಾರ್ಯವೇ ಅನರ್ಥದಂಡ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಬಗೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಪ್ರಮಾದಚರ್ಯೆ. ನೆಲವನ್ನು ವ್ಯರ್ಥವಾಗಿ ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಗಳನ್ನು ಕಡಿಯುವುದು ಇವುಗಳ ಜೊತೆಗೆ ತಾನು ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ಅಗ್ನಿ ಮತ್ತು ವಾಯು ಕೂಡ ಏಕೇಂದ್ರಿಯ ಜೀವಗಳ ಕಾಯವೆಂದು ನಂಬುವ ನಮಗೆ, ಕಾರಿನ ಎಂಜಿನ್ನಿನೊಳಗೆ ಕ್ಷಣಕ್ಷಣವೂ ಹೊತ್ತುವ ಕಿಡಿ ಈ ಮಾತಿನ ಹೊರಗಿರಲು ಹೇಗೆ ಸಾಧ್ಯ? ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಯನ್ನು ಸೇರುತ್ತದೆ.

ಈ ವ್ರತವನ್ನು ರಸ್ತೆಯಲ್ಲಿ ಪಾಲಿಸುವುದು ಕಷ್ಟವಲ್ಲ. ಮೊದಲನೆಯದು ಮುಂದಾಲೋಚನೆಯ ನೋಟ. ದೂರದಲ್ಲಿ ಕೆಂಪು ದೀಪ ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರು ತನ್ನ ವೇಗದಲ್ಲಿಯೇ ಸಾಗಿ ನಿಲ್ಲುತ್ತದೆ. ಕೊನೆಯವರೆಗೂ ರಭಸದಿಂದ ಹೋಗಿ ಬ್ರೇಕ್ ತುಳಿದರೆ, ಇಂಧನ ಕೊಟ್ಟು ಪಡೆದ ವೇಗವೆಲ್ಲ ಬರಿಯ ಬಿಸಿಯಾಗಿ ನಷ್ಟವಾಗುತ್ತದೆ. ಹೀಗೆ ಮುಂದೆ ನೋಡಿ ನಡೆಸುವವನ ಕಣ್ಣಿಗೆ ರಸ್ತೆ ದಾಟುವ ಮುದುಕಿಯೂ ನಾಯಿಮರಿಯೂ ಸಕಾಲದಲ್ಲಿ ಬೀಳುತ್ತವೆ. ಗೃಹಸ್ಥನ ಪಾಲಿಗೆ ಇದು ಈರ್ಯಾ ಸಮಿತಿಯ ಒಂದು ಅಂಶವೆನ್ನಬಹುದು.

ಎರಡನೆಯದು ವೇಗದ ಮಿತಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಹೆದ್ದಾರಿಯಲ್ಲಿ ನೂರನ್ನು ದಾಟಿ ಓಡಿಸುವವರು ಗಳಿಸುವ ಕೆಲವು ನಿಮಿಷಗಳಿಗೆ ಬಹಳ ಇಂಧನವನ್ನು ತೆರುತ್ತಾರೆ. ಬಳಸದೆ ಮೇಲೆ ಕಟ್ಟಿಟ್ಟಿರುವ ಕ್ಯಾರಿಯರ್ ಕೂಡ ಗಾಳಿಗೆ ಅಡ್ಡ ನಿಲ್ಲುತ್ತದೆ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಉಳಿದ ಅನಗತ್ಯ ಸಾಮಾನು ಕಾರು ಹೊತ್ತು ತಿರುಗುವ ಪರಿಗ್ರಹವೇ ಸರಿ. ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ಉರುಳುವ ತಡೆ ಹೆಚ್ಚುತ್ತದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ ಪರೀಕ್ಷಿಸಬೇಕು. ಯಾರಿಗಾದರೂ ಕಾಯುತ್ತ ನಿಂತಾಗ ಎಂಜಿನ್ ಆರಿಸಬೇಕು.

ಮೂರನೆಯದು ತಪ್ಪು ಉಳಿತಾಯದಿಂದ ದೂರವಿರುವುದು. ವೇಣೂರು, ಮೂಡುಬಿದಿರೆ, ಕಾರ್ಕಳಗಳ ದರ್ಶನಕ್ಕೆ ಚಾರ್ಮಾಡಿ ಘಾಟಿಯಿಳಿಯುವವರಲ್ಲಿ ಕೆಲವರು ಪೆಟ್ರೋಲ್ ಉಳಿಸಲೆಂದು ಗೇರನ್ನು ನ್ಯೂಟ್ರಲಿಗೆ ತರುವುದುಂಟು. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನಿಗೆ ಇಂಧನ ಬಹುತೇಕ ನಿಂತೇಹೋಗುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನ್ ಆರದಿರಲು ಇಂಧನ ಉರಿಯುತ್ತಲೇ ಇರಬೇಕು. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಸೋತರೆ ಕಾರಿನಲ್ಲಿರುವವರ ಪ್ರಾಣಕ್ಕೂ ಎದುರು ಬರುವವರ ಪ್ರಾಣಕ್ಕೂ ಅಪಾಯ. ಅಹಿಂಸೆಯನ್ನು ಮರೆತ ಮಿತವ್ಯಯ ಧರ್ಮವಾಗದು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಹೊರಡದೆ ಇರುವುದರಲ್ಲಿದೆ. ತಣ್ಣಗಿರುವ ಎಂಜಿನ್ ಬಿಸಿಯಾಗುವವರೆಗೆ ಹೆಚ್ಚು ಇಂಧನ ಕುಡಿಯುತ್ತದೆ. ಅರ್ಧ ಕಿಲೋಮೀಟರಿನಾಚೆಯ ಬಸದಿಗೆ ಅಕ್ಕಿಯ ಬಟ್ಟಲು ಹಿಡಿದು ನಡೆದು ಹೋಗಬಹುದು. ಪೇಟೆಯ ಮೂರು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಬಹುದು. ಒಂದೊಂದು ಸಾಮಾನಿಗೂ ಮಗನನ್ನು ಮತ್ತೆ ಮತ್ತೆ ಅಟ್ಟುವ ತಾಯಿತಂದೆಯರು, ಇತರರನ್ನು ಅಲೆಸುವುದೂ ದೋಷವೆಂಬ ಆಚಾರ್ಯರ ಮಾತನ್ನು ನೆನೆಯಬೇಕು. ಅಷ್ಟಮಿ, ಚತುರ್ದಶಿಗಳಂದು ಉಪವಾಸ ಅಥವಾ ಏಕಾಶನ ಮಾಡುವ ಮನೆಗಳಲ್ಲಿ ಆ ದಿನ ಕಾರಿಗೂ ವಿಶ್ರಾಂತಿ ಕೊಡಬಹುದು. ನಿರ್ದಿಷ್ಟ ಕಾಲಕ್ಕೆ ಸಂಚಾರದ ಎಲ್ಲೆಯನ್ನು ತಾನೇ ಗೊತ್ತುಮಾಡಿಕೊಳ್ಳುವ ದೇಶಾವಕಾಶಿಕ ವ್ರತಕ್ಕೆ ಇದೊಂದು ಸುಲಭವಾದ ಆರಂಭ.

ಲೆಕ್ಕವನ್ನೂ ನೋಡೋಣ. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಕಾರು ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದರೆ 800 ಲೀಟರ್ ಬೇಕು. ಒಳ್ಳೆಯ ಅಭ್ಯಾಸಗಳಿಂದ ಅದು 17ಕ್ಕೆ ಏರಿದರೆ 706 ಲೀಟರ್ ಸಾಕು. ಲೀಟರಿಗೆ 100 ರೂಪಾಯಿಯಂತೆ ಹಿಡಿದರೂ ಉಳಿಯುವುದು ಸುಮಾರು 9,400 ರೂಪಾಯಿ. ಗಾಳಿಗೆ ಸೇರದೆ ಉಳಿಯುವ ಇಂಗಾಲದ ಡೈಆಕ್ಸೈಡ್ ಸುಮಾರು 216 ಕಿಲೋಗ್ರಾಂ.

ಆ ಹಣ ಇನ್ನೊಂದು ಮೋಜಿನ ಸವಾರಿಗೆ ಹೋದರೆ ಉಳಿಸಿದ ಪೆಟ್ರೋಲ್ ಮತ್ತೆ ಉರಿದುಹೋಗುತ್ತದೆ, ವ್ರತವೂ ಉಳಿಯುವುದಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಯಾವುದಕ್ಕಾದರೂ ಅದನ್ನು ತೆಗೆದಿಡಿ. ಬಡ ರೋಗಿಯೊಬ್ಬನ ಔಷಧಕ್ಕೆ, ವಿದ್ಯಾರ್ಥಿಯೊಬ್ಬಳ ಪುಸ್ತಕಕ್ಕೆ ಅದು ಒದಗಲಿ. ನಾಳೆ ಬೆಳಿಗ್ಗೆ ಕಾರಿನ ಕೀಲಿಯನ್ನು ಕೈಗೆತ್ತಿಕೊಳ್ಳುವ ಮುನ್ನ, ಈ ಪಯಣ ಅಗತ್ಯವೇ ಎಂದು ಒಮ್ಮೆ ಕೇಳಿಕೊಳ್ಳೋಣ.