ಟೆನಿಸ್ ಎಲ್ಬೋ: ನಂಬಿಕೆಯೇ ಬೇರೆ, ನೋವೇ ಬೇರೆ

2004ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಶುರುವಾದಾಗ ಭಾರತ ತಂಡದಲ್ಲಿ ಸಚಿನ್ ತೆಂಡೂಲ್ಕರ್ ಇರಲಿಲ್ಲ. ಎಡ ಮೊಣಕೈಗೆ ಟೆನಿಸ್ ಎಲ್ಬೋ ಆಗಿತ್ತು. ಕ್ರಿಕೆಟ್ ಆಡುವವರಿಗೆ ಟೆನಿಸ್ ಕಾಯಿಲೆಯೇ ಎಂದು ಕೇಳುವವರು ಈಗಲೂ ಇದ್ದಾರೆ. ಈ ನೋವು ಹೊತ್ತು ವೈದ್ಯರ ಬಳಿ ಬರುವವರಲ್ಲಿ ಟೆನಿಸ್ ಆಡುವವರು ನೂರಕ್ಕೆ ಹತ್ತು ಮಂದಿ ಸಿಕ್ಕರೆ ಹೆಚ್ಚು. ಉಳಿದವರು ಬಡಗಿಗಳು, ಪೇಂಟರ್‌ಗಳು, ಬ್ಯಾಡ್ಮಿಂಟನ್ ಆಡುವವರು, ದಿನವೂ ರಾಶಿ ಚಪಾತಿ ಲಟ್ಟಿಸುವವರು. ಬಹುಪಾಲು 35ರಿಂದ 55ರ ನಡುವಿನವರು. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಕುಸಿಯದಂತೆ ತಡೆಯುವ ಸ್ನಾಯುಗಳು ಮೊಣಕೈಯ ಹೊರಬದಿಯ ಎಲುಬಿನ ಗಂಟಿಗೆ ಅಂಟಿಕೊಂಡಿವೆ. ಆ ಜಾಗಕ್ಕೆ ಭಾರದ ಬ್ಯಾಟೂ ಒಂದೇ, ಲಟ್ಟಣಿಗೆಯೂ ಒಂದೇ.

ನೋವಿದ್ದರೆ ಒಳಗೆ ಉರಿಯೂತ ಇದ್ದೇ ಇರುತ್ತದೆ ಎಂಬುದು ಇನ್ನೂ ಗಟ್ಟಿಯಾದ ನಂಬಿಕೆ. ಅಮೆರಿಕದ ಸರ್ಜನ್ ರಾಬರ್ಟ್ ನಿರ್ಶಲ್ ಮತ್ತು ಸಹೋದ್ಯೋಗಿ 1979ರಲ್ಲಿ ಪ್ರಕಟಿಸಿದ ವರದಿಯಿಂದಲೇ ಅದರ ಬುಡ ಅಲುಗಾಡಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ನಾಯುರಜ್ಜುವಿನ ಚೂರುಗಳಲ್ಲಿ ಉರಿಯೂತದ ಕೋಶಗಳಿಗಿಂತ ಹೆಚ್ಚಾಗಿ ಕಂಡದ್ದು ದಿಕ್ಕು ತಪ್ಪಿದ ನಾರುಗಳು, ಅಡ್ಡಾದಿಡ್ಡಿ ಬೆಳೆದ ಹೊಸ ರಕ್ತನಾಳಗಳು. ಸವೆದ ಹಗ್ಗವನ್ನು ಹೊಸೆಯುತ್ತಾ ಹೊಸೆಯುತ್ತಾ ದೇಹ ಅರ್ಧಕ್ಕೇ ಕೈಬಿಟ್ಟಂಥ ಸ್ಥಿತಿ ಅದು.

ಅಲ್ಲಿಂದಲೇ ಸ್ಟೀರಾಯ್ಡ್ ಇಂಜೆಕ್ಷನ್ ಮೇಲಿನ ಅನುಮಾನವೂ ಬೆಳೆಯಿತು. ಚುಚ್ಚಿಸಿಕೊಂಡ ಕೆಲವೇ ವಾರಗಳಲ್ಲಿ ನೋವು ಇಳಿಯುತ್ತದೆ, ಇದು ಸುಳ್ಳಲ್ಲ. ಆದರೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 165 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಒಂದು ವರ್ಷದ ಲೆಕ್ಕ ತೆಗೆಯಿತು. ಸ್ಟೀರಾಯ್ಡ್ ಪಡೆದವರಲ್ಲಿ ಪೂರ್ತಿ ಅಥವಾ ಬಹುಪಾಲು ಗುಣವಾದವರು ಶೇ. 83, ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರಲ್ಲಿ ಶೇ. 96. ನೋವು ಮರುಕಳಿಸಿದ್ದು ಕ್ರಮವಾಗಿ ಶೇ. 54 ಮತ್ತು ಶೇ. 12 ಮಂದಿಗೆ. ಮುಂದಿನ ವಾರವೇ ಪಂದ್ಯವಿರುವ ಆಟಗಾರನಿಗೆ ಈ ಅಂಕಿ ರುಚಿಸದು, ಆತನ ತರಬೇತುದಾರನಿಗಂತೂ ಇನ್ನೂ ರುಚಿಸದು.

ಮೊದಲು ಎಂಆರ್‌ಐ ಮಾಡಿಸಿಬಿಡೋಣ ಎನ್ನುವವರಿಗೂ ಒಂದು ಮಾತು. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ರಜ್ಜುವಿನ ಸವೆತ ಕಾಣಿಸುವುದುಂಟು. ಎಕ್ಸ್‌ರೇ ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ಅನುಭವಿ ವೈದ್ಯರು ರೋಗಿಯ ಕೈ ಚಾಚಿಸಿ, ಮುಷ್ಟಿ ಕಟ್ಟಿಸಿ, ಮಣಿಕಟ್ಟು ಮೇಲೆತ್ತಲು ಹೇಳಿ, ಅದನ್ನು ಕೆಳಕ್ಕೆ ಒತ್ತುತ್ತಾರೆ. ಬಳಿಕ ಮಧ್ಯದ ಬೆರಳಿಗೂ ಅದೇ ಪರೀಕ್ಷೆ. ಮೊಣಕೈಯ ಹೊರಗಂಟಿನ ಬಳಿ ಚುಳ್ಳೆಂದರೆ ರೋಗದ ಗುರುತು ಬಹುಮಟ್ಟಿಗೆ ಸಿಕ್ಕಂತೆ. ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಕುತ್ತಿಗೆಯ ನರವನ್ನೂ ನೋಡಬೇಕಾಗುತ್ತದೆ.

ಪೂರ್ತಿ ವಿಶ್ರಾಂತಿ ಕೊಟ್ಟರೆ ಸಾಕೇ? ಸಾಲದು. ಸುಮ್ಮನೆ ಕುಳಿತ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ಫಿಸಿಯೋಗಳು ಮುಂಗೈಯನ್ನು ಮೇಜಿನ ಮೇಲಿರಿಸಿ, ಅಂಗೈ ಕೆಳಮುಖವಾಗಿ ಅಂಚಿನಾಚೆ ಚಾಚಿಸಿ, ಸಣ್ಣ ಡಂಬೆಲ್ ಹಿಡಿಸುತ್ತಾರೆ. ಇನ್ನೊಂದು ಕೈಯಿಂದ ಅದನ್ನು ಎತ್ತಿಕೊಂಡು, ನೋಯುವ ಕೈಯಿಂದ ನಿಧಾನವಾಗಿ ಇಳಿಸಬೇಕು. ವಾರಗಟ್ಟಲೆ ನಡೆಯುವ ಈ ಕೆಲಸ ಬೇಸರ ತರಿಸುವಂಥದ್ದೇ. ಆದರೂ ಬಹುತೇಕರು ಚಾಕು ತಾಗದೆಯೇ ವರ್ಷದೊಳಗೆ ಸುಧಾರಿಸುತ್ತಾರೆ. ಸಚಿನ್ 2005ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದ್ದು ನಿಜ. ಅದು ಕೊನೆಯ ದಾರಿ, ಮೊದಲನೆಯದಲ್ಲ.

ಮೊಣಕೈಯ ಇನ್ನೊಂದು ಗಾಯ ಮತ್ತು ಅದರ ಶಸ್ತ್ರಚಿಕಿತ್ಸೆಯ ಬಗ್ಗೆ ಬೇಸ್‌ಬಾಲ್‌ನಲ್ಲಂತೂ ಭ್ರಮೆ ಮಿತಿ ಮೀರಿದೆ. 1974ರಲ್ಲಿ ಫ್ರಾಂಕ್ ಜೋಬ್ ಎಂಬ ಸರ್ಜನ್, ಪಿಚರ್ ಟಾಮಿ ಜಾನ್ ಅವರ ಎಡ ಮೊಣಕೈಯ ಒಳಬದಿಯಲ್ಲಿ ಹರಿದಿದ್ದ ಅಸ್ಥಿರಜ್ಜುವಿನ ಜಾಗಕ್ಕೆ ಬಲಮುಂಗೈಯ ಸ್ನಾಯುರಜ್ಜುವನ್ನು ಕಸಿ ಮಾಡಿದರು. 1976ರಲ್ಲಿ ಮರಳಿದ ಜಾನ್ ಇನ್ನೂ 164 ಪಂದ್ಯ ಗೆದ್ದರು. ಅಂದಿನಿಂದ ಈ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು. ಇದನ್ನು ಮಾಡಿಸಿದರೆ ಎಸೆತದ ವೇಗ ಹೆಚ್ಚುತ್ತದೆ ಎಂದು ನಂಬಿ, ಗಾಯವೇ ಆಗದ ಮಗನಿಗೂ ಮಾಡಿಕೊಡಿ ಎಂದು ಕೇಳಿದ ತಂದೆತಾಯಿಯರಿದ್ದಾರೆ. ವೇಗ ಹೆಚ್ಚುವುದಿಲ್ಲ, ಮೈದಾನಕ್ಕೆ ಮರಳಲು ವರ್ಷಕ್ಕೂ ಮೇಲೆ ಹಿಡಿಯುತ್ತದೆ, ಅಷ್ಟೇ. ಎಳೆಯರ ಮೊಣಕೈ ಉಳಿಸಲು ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳು 2014ರಲ್ಲಿ ಮಾರ್ಗಸೂಚಿ ತಂದವು. ಅದರಂತೆ ಒಂಬತ್ತು–ಹತ್ತು ವರ್ಷದ ಮಗು ದಿನಕ್ಕೆ 75ಕ್ಕಿಂತ ಹೆಚ್ಚು ಎಸೆತ ಹಾಕುವಂತಿಲ್ಲ.