ಎಕರೆ ರಾಗಿಗೆ ಎಷ್ಟು ಪರಿಹಾರ? ಲೆಕ್ಕ ಎಲ್ಲಿ ಕೈಕೊಡುತ್ತದೆ?

2023ರ ಮುಂಗಾರಿನಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಅವುಗಳಲ್ಲಿ 196 ತೀವ್ರ ಬರದವು. ಜೂನ್‌ನಲ್ಲಿ ವಾಡಿಕೆಗಿಂತ ಶೇ 56ರಷ್ಟು, ಆಗಸ್ಟ್‌ನಲ್ಲಿ ಶೇ 73ರಷ್ಟು ಮಳೆ ಕಡಿಮೆ ಬಿತ್ತು. 48.19 ಲಕ್ಷ ಹೆಕ್ಟೇರ್ ಬೆಳೆ ಹಾಳಾಯಿತು. ರಾಜ್ಯ ಸರ್ಕಾರದ ಅಂದಾಜಿನಂತೆ ನಷ್ಟ 35,162 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಹೆಕ್ಟೇರಿಗೆ ಸುಮಾರು 73,000, ಎಕರೆಗೆ ಸುಮಾರು 29,500 ರೂಪಾಯಿ.

ರಾಜ್ಯ ಬರಕ್ಕೆ ಹೊಸದಲ್ಲ. ಆದರೆ ಮಳೆ, ಬೆಳೆ, ಜಮೀನು, ಬ್ಯಾಂಕ್ ಖಾತೆ ಎಲ್ಲವೂ ಕಂಪ್ಯೂಟರಿನೊಳಗೆ ಬಂದು ಕೂತ ಮೇಲೆ ಎದುರಾದ ದೊಡ್ಡ ಬರ ಇದು. ಹಾಗಾಗಿ ಕೇಳಬೇಕಾದ ಪ್ರಶ್ನೆ ಸರಳ: ಇಷ್ಟೆಲ್ಲ ಅಳೆದ ಮೇಲೆ ಒಂದು ಎಕರೆ ರಾಗಿ ಕಳೆದುಕೊಂಡವನಿಗೆ ಎಷ್ಟು ದಕ್ಕುತ್ತದೆ?

ಅಳತೆಗೆ ಕೊರತೆಯಿಲ್ಲ

ದೇಶದಲ್ಲೇ ಮೊದಲ ಬರ ಉಸ್ತುವಾರಿ ಕೋಶ ಬೆಂಗಳೂರಿನಲ್ಲಿ 1988ರಲ್ಲಿ ಶುರುವಾಯಿತು. ಅದೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 6,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಲ್ಲಿ ಅದರ ಟೆಲಿಮೆಟ್ರಿಕ್ ಮಳೆಮಾಪಕಗಳಿದ್ದು, 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಒಂದು ಮಾಪಕದಿಂದ ದಿನಕ್ಕೆ 96 ಸಲ. 6,000 ಮಾಪಕ ಎಂದು ಹಿಡಿದರೂ ದಿನಕ್ಕೆ 5.76 ಲಕ್ಷ ದಾಖಲೆ.

ಜಮೀನಿನ ಲೆಕ್ಕವೂ ಕಂಪ್ಯೂಟರಿಗೆ ಬಂದು ಬಹಳ ಕಾಲವಾಯಿತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. 2017ರ ಮುಂಗಾರಿನಿಂದ ಮೊಬೈಲ್ ಆ್ಯಪ್‌ನಲ್ಲಿ ಬೆಳೆ ಸಮೀಕ್ಷೆ ನಡೆಯುತ್ತಿದೆ. ಸಮೀಕ್ಷೆಗೆ ಬಂದವರು ತಾಕಿನೊಳಗೇ ನಿಂತು, ಬೆಳೆಯ ಹೆಸರು ಮತ್ತು ವಿಸ್ತೀರ್ಣ ತುಂಬಿ, ಫೋಟೊ ತೆಗೆದು ಕಳಿಸಬೇಕು. ಇದರ ಮೇಲೆ ‘ಫ್ರೂಟ್ಸ್’ ಎಂಬ ರೈತರ ನೋಂದಣಿ ತಂತ್ರಾಂಶ ಇದೆ. ಅಲ್ಲಿ ಪ್ರತಿ ರೈತನಿಗೂ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ. ಆಧಾರ್, ಬ್ಯಾಂಕ್ ಖಾತೆ, ಸರ್ವೆ ನಂಬರ್ ಎಲ್ಲ ಅದಕ್ಕೆ ಜೋಡಣೆ. ಪರಿಹಾರದ ಹಣಕ್ಕೂ, ಬೆಂಬಲ ಬೆಲೆಗೆ ರಾಗಿ ಮಾರಲೂ ಅದೇ ಸಂಖ್ಯೆ ಬೇಕು. ಬೆಳೆ ವಿಮೆಗೆ ‘ಸಂರಕ್ಷಣೆ’ ಎಂಬ ಬೇರೆ ಪೋರ್ಟಲ್ ಇದೆ.

ನಾಲ್ಕು ತಾಕು, ಒಂದು ಗುಂಟೆ

ಇಷ್ಟೆಲ್ಲ ಇದ್ದರೂ ವಿಮೆಯ ಹಣ ನಿರ್ಧಾರವಾಗುವುದು ಈಗಲೂ ಹಗ್ಗ, ಗೂಟ, ಕುಡುಗೋಲು, ತಕ್ಕಡಿಯಿಂದ. ಇದಕ್ಕೆ ಬೆಳೆ ಕಟಾವು ಪ್ರಯೋಗ ಎಂದು ಹೆಸರು. ಪಂಚಾಯಿತಿ ಮಟ್ಟದಲ್ಲಿ ವಿಮೆಗೊಳಪಟ್ಟ ಮುಖ್ಯ ಬೆಳೆಯೊಂದಕ್ಕೆ ಕನಿಷ್ಠ 4 ಪ್ರಯೋಗ, ಹೋಬಳಿ ಮಟ್ಟದಲ್ಲಾದರೆ 10. ಆಯ್ಕೆಯಾದ ಸರ್ವೆ ನಂಬರಿಗೆ ಹೋಗಿ, ರಾಗಿಗಾದರೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕು ಗುರುತಿಸಿ, ನಾಲ್ಕು ಮೂಲೆಗೆ ಗೂಟ ಹೊಡೆದು ಹಗ್ಗ ಎಳೆಯುತ್ತಾರೆ. ಒಳಗಿನ ತೆನೆ ಕೊಯ್ದು, ಒಕ್ಕಿ, ತೂಗಿ, ಫೋಟೊ ಸಮೇತ ಆ್ಯಪ್‌ಗೆ ಹಾಕುತ್ತಾರೆ.

ಒಂದು ತಾಕು 25 ಚದರ ಮೀಟರ್. ನಾಲ್ಕೂ ಸೇರಿದರೆ 100. ಒಂದು ಗುಂಟೆಗೆ 101 ಚದರ ಮೀಟರ್. ಅಂದರೆ ಇಡೀ ಪಂಚಾಯಿತಿಯ ರಾಗಿಯ ಹಣೆಬರಹ ಬರೆಯುವುದು ಹೆಚ್ಚುಕಡಿಮೆ ಒಂದು ಗುಂಟೆ ಬೆಳೆ. ತಾಕಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ಹೀಗಾಗಿ ನಾಲ್ಕೂ ತಾಕುಗಳಲ್ಲಿ ತಲಾ 100 ಗ್ರಾಂ ಹೆಚ್ಚು ತೂಗಿದರೆ ಇಳುವರಿ ಹೆಕ್ಟೇರಿಗೆ 40 ಕೆ.ಜಿ. ಏರುತ್ತದೆ. ಕಾಳು ಸರಿಯಾಗಿ ಒಣಗುವ ಮೊದಲೇ ತೂಗಿದರೂ ಸಾಕು, 100 ಗ್ರಾಂ ಅಷ್ಟರಲ್ಲೇ ಕೂಡಿಕೊಳ್ಳುತ್ತದೆ.

ಒಂದು ಎಕರೆಯ ಲೆಕ್ಕ

ವಿಮೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿ ಇಳುವರಿಯನ್ನು ತೆಗೆದು, ಅದರ ಶೇ 70, 80 ಅಥವಾ 90ರಷ್ಟನ್ನು ಪ್ರಾರಂಭಿಕ ಇಳುವರಿ ಎಂದು ಹಿಡಿಯುತ್ತಾರೆ. ನಿಜವಾದ ಇಳುವರಿ ಅದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟಕ್ಕೆ ಮಾತ್ರ ಪರಿಹಾರ. ಇದರ ಜೊತೆಗೆ ವಿಪತ್ತು ನಿಧಿಯ ಇನ್‌ಪುಟ್ ಸಬ್ಸಿಡಿ ಇದೆ. 2023ರ ಬರದ ವೇಳೆಯ ದರದಂತೆ, ಶೇ 33 ಅಥವಾ ಹೆಚ್ಚು ನಷ್ಟವಾಗಿದ್ದರೆ ಮಳೆಯಾಶ್ರಿತ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಗರಿಷ್ಠ 2 ಹೆಕ್ಟೇರ್.

ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನೇ ಇಟ್ಟುಕೊಳ್ಳೋಣ. ರಾಗಿಯ ವಾಡಿಕೆ ಇಳುವರಿ ಹೆಕ್ಟೇರಿಗೆ 1,875 ಕೆ.ಜಿ., ಪ್ರಾರಂಭಿಕ ಇಳುವರಿ ಅದರ ಶೇ 80, ಅಂದರೆ 1,500 ಕೆ.ಜಿ. ಬಂದದ್ದು 900 ಕೆ.ಜಿ. ವಿಮಾ ಮೊತ್ತ ಹೆಕ್ಟೇರಿಗೆ 40,000 ರೂಪಾಯಿ. ಬೆಲೆ, 2023–24ರ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 3,846 ರೂಪಾಯಿ. ಎಕರೆಗೆ ಇಳಿಸಿದರೆ:

• ಕಳೆದುಹೋದ ರಾಗಿ: ಸುಮಾರು 395 ಕೆ.ಜಿ.
• ಅದರ ಬೆಲೆ: ಸುಮಾರು 15,200 ರೂ.
• ಕಟ್ಟಿದ ವಿಮಾ ಕಂತು: ಸುಮಾರು 325 ರೂ.
• ವಿಮೆಯಿಂದ ಬರಬೇಕಾದ್ದು: ಸುಮಾರು 6,475 ರೂ.
• ಇನ್‌ಪುಟ್ ಸಬ್ಸಿಡಿ: ಸುಮಾರು 3,440 ರೂ., ಗುಂಟೆಗೆ 86 ರೂ.
• ಎರಡೂ ಸೇರಿ: ಸುಮಾರು 9,915 ರೂ., ನಷ್ಟದ ಶೇ 65

ಹುಲ್ಲಿನ ನಷ್ಟವನ್ನು ಇದರಲ್ಲಿ ಹಿಡಿದಿಲ್ಲ. ಆದರೂ ಶೇ 65 ಎಂದರೆ ಕಡೆಗಣಿಸುವ ಮೊತ್ತವಲ್ಲ. ವಿಮೆ ಕೈತಪ್ಪಿದರೆ ಅದು ಶೇ 23ಕ್ಕೆ ಇಳಿಯುತ್ತದೆ. ಆಗ ಕೈಗೆ ಬರುವ 3,440 ರೂಪಾಯಿಗೆ ಬೆಂಬಲ ಬೆಲೆಯಲ್ಲೇ ಕೊಂಡರೂ 89 ಕೆ.ಜಿ. ರಾಗಿ. ಎಫ್‌ಐಡಿಯಲ್ಲಿ ಆ ಸರ್ವೆ ನಂಬರ್ ಇಲ್ಲದಿದ್ದರೆ ಸೊನ್ನೆ. ಮೇಲೆ ಹೇಳಿದ 100 ಗ್ರಾಂ ವ್ಯತ್ಯಾಸದ ಬೆಲೆಯೂ ಇಲ್ಲೇ ತಿಳಿಯುತ್ತದೆ: ಎಕರೆಗೆ ಸುಮಾರು 430 ರೂಪಾಯಿ. ಪಂಚಾಯಿತಿಯಲ್ಲಿ 500 ಎಕರೆ ರಾಗಿ ವಿಮೆಯಲ್ಲಿದ್ದರೆ 2 ಲಕ್ಷ ದಾಟುತ್ತದೆ.

ಹಣ ಜಾರುವ ಜಾಗಗಳು

ಹಾಗಾದರೆ ಈ ಶೇ 65 ಪೂರ್ತಿಯಾಗಿ ಕೈಗೆ ಸಿಗದಂತೆ ಮಾಡುವುದು ಏನು? ಮಳೆಮಾಪಕವೂ ಅಲ್ಲ, ಆ್ಯಪ್ಪೂ ಅಲ್ಲ. ಒಂದು ಕಡತ ಇನ್ನೊಂದಕ್ಕೆ ತಾಳೆಯಾಗದಿರುವುದು.

ಮೊದಲನೆಯದು ಎಫ್‌ಐಡಿ. 2023ರ ಬರದಲ್ಲಿ ಪರಿಹಾರದ ವಿಸ್ತೀರ್ಣವನ್ನು ಫ್ರೂಟ್ಸ್‌ನಿಂದಲೇ ತೆಗೆದುಕೊಂಡರು. ಮೂರು ಸರ್ವೆ ನಂಬರ್ ಇದ್ದು ಒಂದನ್ನಷ್ಟೇ ಸೇರಿಸಿದ್ದವರಿಗೆ ಉಳಿದೆರಡರ ಪಾಲು ಲೆಕ್ಕಕ್ಕೆ ಸಿಗುವಂತಿರಲಿಲ್ಲ. ಎಲ್ಲ ಜಮೀನು ಸೇರಿಸಿಕೊಳ್ಳಿ ಎಂಬ ಅಭಿಯಾನ ಬರ ಘೋಷಣೆಯ ನಂತರ ನಡೆಯಬೇಕಾಯಿತು.

ಎರಡನೆಯದು ಬೆಳೆಯ ಹೆಸರು. ವಿಮೆಯ ಅರ್ಜಿಯಲ್ಲಿ ರಾಗಿ, ಸಮೀಕ್ಷೆಯಲ್ಲಿ ಜೋಳ ಎಂದಿದ್ದರೆ ಅರ್ಜಿ ತಿರಸ್ಕಾರದ ಪಟ್ಟಿಗೆ ಬೀಳುತ್ತದೆ. ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರ, ಪಂಚಾಯಿತಿಗಳ ಫಲಕದಲ್ಲಿ ಹಾಕಿ ಆಕ್ಷೇಪಣೆಗೆ ಕೆಲವು ದಿನ ಕೊಡುತ್ತಾರೆ. ಫಲಕದ ಮುಂದೆ ನಿಲ್ಲದವನ ಕಂತು ವ್ಯರ್ಥ. ರಾಗಿ ನಡುವಿನ ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು, ಸಾಸಿವೆಗಳದ್ದು ಇನ್ನೊಂದು ಕಥೆ. ಮನೆಯ ಸಾರಿಗೆ, ಎಣ್ಣೆಗೆ ಆಗುತ್ತಿದ್ದ ಆ ಸಾಲುಗಳು ಒಣಗಿದ್ದು ರಾಗಿಯ ಇಳುವರಿ ಲೆಕ್ಕದಲ್ಲಿ ಬರುವುದೇ ಇಲ್ಲ.

ಮೂರನೆಯದು ಪಹಣಿಯ ಹೆಸರು. ಕಂದಾಯ ಇಲಾಖೆ ಆಧಾರ್ ಜೋಡಣೆಗೆ ಇಳಿದಾಗ ರಾಜ್ಯದಲ್ಲಿ 50 ಲಕ್ಷದಷ್ಟು ಜಮೀನುಗಳು ತೀರಿಕೊಂಡವರ ಹೆಸರಿನಲ್ಲೇ ಇರುವುದು ಗೊತ್ತಾಯಿತು. ಅಜ್ಜನ ಹೆಸರಿನ ಪಹಣಿಗೆ ಮೊಮ್ಮಗನ ಎಫ್‌ಐಡಿ ಹೊಂದುವುದಿಲ್ಲ. ಮೊದಲು ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು. 1974ರ ಭೂಸುಧಾರಣೆಯ ನಂತರ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲದ್ದರಿಂದ ವಾರಕ್ಕೋ ಗುತ್ತಿಗೆಗೋ ಮಾಡುವವನ ಒಪ್ಪಂದ ಬಾಯಿಮಾತಿನದ್ದು. ಬಿತ್ತನೆಯ ಸಾಲ ಅವನದು, ಪರಿಹಾರ ಖಾತೆದಾರನದು.

ದಿಲ್ಲಿಯ ಏಳು ತಿಂಗಳು

ರೈತನ ಮಟ್ಟದ ಈ ಅಡಚಣೆಗಳ ಮೇಲೆ ಸರ್ಕಾರಗಳ ನಡುವಿನ ತಡ ಬೇರೆ. ರಾಜ್ಯ 2023ರ ಸೆಪ್ಟೆಂಬರ್ 22ರಂದು ಕೇಂದ್ರಕ್ಕೆ ಮೊದಲ ಮನವಿ ಸಲ್ಲಿಸಿತು. ನಂತರದ ಮನವಿಗಳೂ ಸೇರಿ ಒಟ್ಟು ಕೇಳಿದ್ದು 18,171 ಕೋಟಿ: ಇನ್‌ಪುಟ್ ಸಬ್ಸಿಡಿಗೆ 4,663, ಜೀವನೋಪಾಯ ಕಳೆದುಕೊಂಡ ಕುಟುಂಬಗಳ ನೆರವಿಗೆ 12,578, ಕುಡಿಯುವ ನೀರಿಗೆ 567, ಜಾನುವಾರು ಆರೈಕೆಗೆ 364 ಕೋಟಿ. ಅಕ್ಟೋಬರ್‌ನಲ್ಲಿ ಕೇಂದ್ರ ತಂಡ ಬಂದು ಹೋಯಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ಬಿಡುಗಡೆಯಾಯಿತು, ಕೇಳಿದ್ದರ ಶೇ 19. ಅದಕ್ಕೆ ಮೊದಲು ರಾಜ್ಯವೇ 33 ಲಕ್ಷಕ್ಕೂ ಹೆಚ್ಚು ರೈತರಿಗೆ ತಲಾ 2,000 ರೂಪಾಯಿವರೆಗೆ ಹಾಕಿತ್ತು. ದಿನಕ್ಕೆ 96 ಸಲ ಮಾಹಿತಿ ಕಳಿಸುವ ಯಂತ್ರಗಳಿದ್ದ ರಾಜ್ಯಕ್ಕೆ ಉತ್ತರ ಸಿಗಲು ಏಳು ತಿಂಗಳು ಹಿಡಿಯಿತು.

ಊಟದ ಲೆಕ್ಕ

2015–16ರ ಕೃಷಿ ಗಣತಿಯ ಪ್ರಕಾರ ರಾಜ್ಯದಲ್ಲಿ 86.81 ಲಕ್ಷ ಹಿಡುವಳಿಗಳು, ಸರಾಸರಿ 1.36 ಹೆಕ್ಟೇರ್. ಸುಮಾರು ಶೇ 80ರಷ್ಟು ಸಣ್ಣ, ಅತಿಸಣ್ಣ ರೈತರವು. ಇಂಥ ಮನೆಗಳಲ್ಲಿ ಬೆಳೆ ಮಾರಾಟಕ್ಕೂ ಹೌದು, ಕಣಜಕ್ಕೂ ಹೌದು.

ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಪಡಿತರ ಚೀಟಿಯ ಮನೆಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ. ಐದು ಜನರ ಮನೆಗೆ ವರ್ಷಕ್ಕೆ 300 ಕೆ.ಜಿ. ನಮ್ಮ ಉದಾಹರಣೆಯ ಒಂದೇ ಎಕರೆಯಲ್ಲಿ ಹೋದದ್ದು 395 ಕೆ.ಜಿ. ನ್ಯಾಯಬೆಲೆ ಅಂಗಡಿ ಈ ಕಾಯ್ದೆಯಡಿ ವರ್ಷವಿಡೀ ಕೊಡುವುದಕ್ಕಿಂತ ಹೆಚ್ಚಿನದನ್ನು ಒಂದು ಎಕರೆಯ ಬರ ಕಸಿದಿದೆ. 2023ರ ಜುಲೈನಿಂದ ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆ.ಜಿ. ಬದಲು ತಲಾ 170 ರೂಪಾಯಿ ಬರುತ್ತಿತ್ತು. ಐದು ಜನರಿಗೆ ತಿಂಗಳಿಗೆ 850. ಬರದ ವರ್ಷ ಅನೇಕ ಮನೆಗಳಿಗೆ ತಿಂಗಳು ತಪ್ಪದೆ ಬಂದ ನಗದು ಅದು. ಬೆಳೆಯ ಕಡತವೂ ಪಡಿತರದ ಕಡತವೂ ಆಧಾರ್‌ಗೇ ಜೋಡಣೆಯಾಗಿವೆ. ಆದರೆ ಬೆಳೆ ಹೋದ ಮನೆಗೆ ಪಡಿತರ ತಾನಾಗಿ ಹೆಚ್ಚುವುದಿಲ್ಲ.

ಪ್ರಕಟವಾಗಬೇಕಾದ ಅಂಕಿಗಳು

ಇನ್ನಷ್ಟು ಡ್ರೋನ್, ಉಪಗ್ರಹ ಚಿತ್ರ ಬೇಡವೆಂದಲ್ಲ. ಅದಕ್ಕಿಂತ ಮೊದಲು ಪ್ರತಿ ಪಂಚಾಯಿತಿ ಫಲಕದಲ್ಲಿ ಬಿತ್ತನೆಗೆ ಮುಂಚೆಯೇ ಮೂರು ಸಂಖ್ಯೆಗಳು ಕಾಣಲಿ: ಎಫ್‌ಐಡಿಗೆ ಸೇರದ ಸರ್ವೆ ನಂಬರ್‌ಗಳೆಷ್ಟು, ತೀರಿಕೊಂಡವರ ಹೆಸರಿನ ಪಹಣಿಗಳೆಷ್ಟು, ಕಳೆದ ಸಲ ಬೆಳೆ ತಾಳೆಯಾಗದೆ ಬಿದ್ದ ವಿಮೆ ಅರ್ಜಿಗಳೆಷ್ಟು. ಈ ಮೂರೂ ಸರ್ಕಾರದ ಕಂಪ್ಯೂಟರಿನಲ್ಲಿ ಈಗಾಗಲೇ ಇವೆ. ಹೊಸ ಸಮೀಕ್ಷೆ ಬೇಕಿಲ್ಲ, ಪಂಚಾಯಿತಿಗೊಂದು ಹಾಳೆ ಸಾಕು. ಶೇ 23ಕ್ಕೂ ಶೇ 65ಕ್ಕೂ ನಡುವಿನ ಅಂತರ ನಮ್ಮ ಲೆಕ್ಕದಲ್ಲಿ ಎಕರೆಗೆ 6,475 ರೂಪಾಯಿ. ಆ ಹಣ ಯೋಜನೆಯೊಳಗೇ ಇದೆ. ರೈತನ ಖಾತೆಗೆ ಬರಬೇಕಾದರೆ ಮುಂಗಾರಿಗೆ ಮುನ್ನ ಆ ಮೂರು ಸಂಖ್ಯೆಗಳು ಇಳಿಯಬೇಕು.