ನಿಮಗಿದು ಗೊತ್ತೇ? ಕೋತಿಯನ್ನೇ ನುಂಗಿದ ಕೋಳಿ!

ಕಾಳು ನುಂಗುವ ಕೋಳಿ ಎಲ್ಲರಿಗೂ ಗೊತ್ತು. ಕೋತಿಯನ್ನೇ ನುಂಗಿದ ಕೋಳಿ? ಅದು ಸಿಗುವುದು ಶಿಶುನಾಳ ಶರೀಫರ ಹಾಡಿನಲ್ಲಿ! ಅಲ್ಲಿ ಆನೆಗೆ ಆಡಿನ ಹೊಟ್ಟೆಯೇ ಗತಿ. ಕುಣಿಯಲು ಬಂದವಳನ್ನು ಮದ್ದಳೆಯೇ ಮುಗಿಸಿಬಿಡುತ್ತದೆ. ಕೊನೆಗೆ ಹಾಡುವವನೇ ಗುರುವಿನ ಪಾದದ ಪಾಲು!

ಈ ಶರೀಫಜ್ಜ ಯಾವ ಊರಿನವರು? ದೂರ ಹುಡುಕಬೇಡಿ. ನಮ್ಮದೇ ಹಾವೇರಿ ಜಿಲ್ಲೆ, ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ. ಹುಟ್ಟಿದ್ದು 1819ರಲ್ಲಿ. ಕನಕದಾಸರ ಬಾಡ ಇರುವುದೂ ಇದೇ ತಾಲ್ಲೂಕಿನಲ್ಲಿ! ಒಂದು ತಾಲ್ಲೂಕಿಗೆ ಇಷ್ಟು ಪುಣ್ಯ ಸಾಲದೇ?

ಅವರು ಮೊದಲು ಸಾಲಿ ಮಾಸ್ತರರು ಗೊತ್ತೇ? ಮುಲ್ಕಿ ಪರೀಕ್ಷೆ ಪಾಸು ಮಾಡಿ, ಮಂಡಿಗೆ ಮೊದಲಾದ ಊರುಗಳಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಆಮೇಲೆ ನೌಕರಿ ಬಿಟ್ಟರು, ತಂಬೂರಿ ಹಿಡಿದರು!

ಇಮಾಮ್ ಸಾಹೇಬರ ಈ ಮಗನಿಗೆ ಗುರು ಯಾರು? ಕಳಸದ ಗೋವಿಂದ ಭಟ್ಟರು! ಊರ ಜನ ಏನೆಂದರೂ ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭಟ್ಟರು ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿದರು ಎಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ.

ಸೋರುವ ಮಾಳಿಗೆಯ ಹಾಡು ಕೇಳಿದ್ದೀರಲ್ಲ? ನಮ್ಮ ಕಡೆಯ ಹಳೆಯ ಮಾಳಿಗೆ ಮನೆ ನೆನಪಿಸಿಕೊಳ್ಳಿ. ಕೆಳಗೆ ತೊಲೆ, ಜಂತಿ. ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ ಮಣ್ಣು ಸರಿಮಾಡದಿದ್ದರೆ ಹಾಸಿಗೆಯ ಮೇಲೇ ತಟತಟ ಹನಿ! ಶರೀಫರ ಹಾಡಿನಲ್ಲಿ ಆ ಮನೆ ಯಾವುದು ಗೊತ್ತೇ? ನಮ್ಮ ಮೈಯೇ!

ಹತ್ತಿಯ ಗಿರಣಿ ನೋಡಿದರೂ ಪದ, ಗುಡುಗುಡಿ ನೋಡಿದರೂ ಪದ. ಮೊಹರಮ್ಮಿಗೂ ಪದ ಕಟ್ಟಿಕೊಟ್ಟರು!

ಪದದ ಕೊನೆಗೆ ಅವರು ಇಟ್ಟ ಅಂಕಿತ ತಮ್ಮ ಹೆಸರಲ್ಲ, ಶಿಶುನಾಳಧೀಶ. ಊರ ದೇವರ ಹೆಸರು!

ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಒಂದೇ ಗದ್ದುಗೆ!

ಅವರ ದನಿ ಹೇಗಿತ್ತು? ಕೇಳುವ ದಾರಿಯೇ ಇಲ್ಲ! ನಮ್ಮ ದೇಶದ ಮೊದಮೊದಲ ಧ್ವನಿಮುದ್ರಣಗಳ ಕಾಲ ನೋಡಿ, ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದ್ದು 1902ರಲ್ಲಿ. ಅಷ್ಟರಲ್ಲಿ ಶರೀಫರು ಹೋಗಿ 13 ವರ್ಷ. ಹಾಗಾದರೆ ಪದಗಳು ಉಳಿದದ್ದು ಹೇಗೆ? ಭಜನಾ ಮೇಳದವರ ಬಾಯಲ್ಲಿ! ದಮ್ಮಡಿ, ತಾಳ, ಏಕತಾರಿ ಹಿಡಿದು, ಅಪ್ಪ ಹಾಡಿದ್ದನ್ನು ಮಗ ಕಲಿತ. ಓದು ಬರಹ ಬಾರದವರೂ ಪದಕ್ಕೆ ಪದ ಜೋಡಿಸಿ ಬೆಳಗಿನವರೆಗೆ ಹಾಡಬಲ್ಲರು. ಆ ಪುಣ್ಯಾತ್ಮರಿಗೆ ಎಷ್ಟು ಕೈಮುಗಿದರೂ ಕಡಿಮೆಯೇ.

ಆಮೇಲೆ ಸಿ. ಅಶ್ವತ್ಥ್ ಬಂದರು. ಅವರ ಕಂಚಿನ ಕಂಠದಲ್ಲಿ, ಕ್ಯಾಸೆಟ್ಟುಗಳಲ್ಲಿ ಶರೀಫರ ಪದ ಬೆಂಗಳೂರಿನ ಮನೆಮನೆಗೂ ಹೋಯಿತು! 1990ರಲ್ಲಿ ಟಿ.ಎಸ್. ನಾಗಾಭರಣರು ಸಿನಿಮಾ ಮಾಡಿದರು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಯಾವ ವಿಭಾಗದಲ್ಲಿ ಹೇಳಿ ನೋಡೋಣ? ರಾಷ್ಟ್ರೀಯ ಭಾವೈಕ್ಯ!